ಹಣ್ಣು ಬಿಡದ ನಾಲ್ಕು ಗಿಡಗಳು

"ಏಯ್! ಯಾರದು ಅಲ್ಲಿ? ಬಿಡ್ರೀ ಅದನ್ನ!"

ಜಾಮು ಕಲಕುತ್ತಿದ್ದ ಸೌಟನ್ನು ಕೆಳಗಿಡುವುದನ್ನೂ ಮರೆತು ಅವಳು ಅಡುಗೆಮನೆಯಿಂದ ಹಿತ್ತಿಲಿಗೆ ಓಡಿಬಂದಿದ್ದಳು. ಹಿಂಬಾಗಿಲಿನಿಂದ ಬೇಲಿಯವರೆಗೂ ಕೆಂಪು ಜಾಮು ಹನಿ ಹನಿಯಾಗಿ ಬಿದ್ದಿತ್ತು.

ಬೇಲಿಯುದ್ದಕ್ಕೂ ಅವಳ ಇಪ್ಪತ್ತಾರು ಗಿಡಗಳು. ಗಿಡಗಳ ಮೇಲೆ ಎರಡು ದಿನ ಬೆವರು ಸುರಿಸಿ ಅವಳೇ ಕಟ್ಟಿದ ಹೊಚ್ಚ ಹೊಸ ಬಲೆ. ಆ ಬಲೆಯ ಮುಂದೆ ಮಂಡಿಯೂರಿ ಕೂತ ಒಬ್ಬ ಅಪರಿಚಿತ... ಅವನ ಕೈಯಲ್ಲಿ ಕತ್ತರಿ!

ಕರಕ್... ಕರಕ್...

"ಅಯ್ಯೋ, ನನ್ನ ಬಲೆ ಕತ್ತರಿಸ್ತಿದ್ದೀರಲ್ರೀ! ತಲೆ ನೆಟ್ಟಗಿದೆಯಾ ನಿಮಗೆ?"

ಅವನು ತಿರುಗಿ ಕೂಡ ನೋಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟ, ಅಷ್ಟೇ.

"ಮೆತ್ತಗೆ... ಹೆದರಿಕೊಳ್ಳುತ್ತೆ."

"ಯಾರು ಹೆದರಿಕೊಳ್ಳೋದು? ನಮ್ಮ ಹಿತ್ತಿಲಲ್ಲಿ ನಾನೇ ಮೆತ್ತಗೆ ಮಾತಾಡಬೇಕಾ?"

ಅಷ್ಟರಲ್ಲಿ ಅವಳಿಗೂ ಕಾಣಿಸಿತು. ಬಲೆಯ ದಾರಕ್ಕೆ ಕಾಲು, ರೆಕ್ಕೆ ಎಲ್ಲ ಸುತ್ತಿಕೊಂಡು ಒಂದು ಬೂದು ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಬಾಲದ ತುದಿಯಲ್ಲಿ ಹಳದಿ ಪಟ್ಟಿ. ಕೊಕ್ಕು ತೆರೆದಿತ್ತು, ಆದರೆ ಕೂಗುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ.

ಅವಳು ಮೆಲ್ಲಗೆ ಒಂದು ಹೆಜ್ಜೆ ಹತ್ತಿರ ಬಂದಳು.

ಅವನು ಕೊನೆಯ ದಾರ ಕತ್ತರಿಸಿ, ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಎದ್ದು ನಿಂತ. ಆಗಲೇ ಅವನು ಅವಳನ್ನು ಮೊದಲ ಸಲ ನೋಡಿದ್ದು. ಕೆದರಿದ ಜಡೆ, ಕೆನ್ನೆಯ ಮೇಲೆ ಜಾಮು, ಕತ್ತಿಯ ಹಾಗೆ ಎತ್ತಿ ಹಿಡಿದ ಸೌಟು!

"ಸೌಟು ಕೆಳಗಿಡ್ತೀರಾ? ಕೈ ಚಾಚಿ. ಎರಡೂ ಕೈ."

ಏಕೆ ಎಂದು ಕೇಳದೆ ಅವಳು ಕೈ ಚಾಚಿದಳು. ಯಾರ ಮಾತನ್ನೂ ಒಂದೇ ಸಲಕ್ಕೆ ಕೇಳದವಳು ಅಂದೇಕೆ ಕೇಳಿದಳೋ! ಅವನು ಹಕ್ಕಿಯನ್ನು ಅವಳ ಅಂಗೈಗಿಟ್ಟ. ಆ ಪುಟ್ಟ ಮೈಯೊಳಗೆ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ, ಹಕ್ಕಿಯದೋ ತನ್ನದೋ ಎಂದು ಅವಳಿಗೇ ಗೊತ್ತಾಗಲಿಲ್ಲ.

"ನಿಧಾನಕ್ಕೆ ಬೆರಳು ಸಡಿಲಿಸಿ... ಹಾಂ, ಈಗ."

ಹಕ್ಕಿ ಒಂದು ಕ್ಷಣ ಅಂಗೈಯಲ್ಲೇ ಕೂತು, ಆಮೇಲೆ ಭುರ್ರನೆ ಹಾರಿತು. ಅವಳ ಕಣ್ಣು ತುಂಬಿ ಬಂತು. ಅದನ್ನು ಅವನು ನೋಡಿಬಿಟ್ಟ ಎಂದು ಗೊತ್ತಾದ ಕೂಡಲೇ ಎಲ್ಲಿಲ್ಲದ ಕೋಪವೂ ಬಂತು.

"ಹಕ್ಕಿ ಬದುಕಿತು, ಸರಿ. ನನ್ನ ಹಣ್ಣಿನ ಗತಿ? ಒಂದು ವಾರ ಬಲೆ ಇಲ್ಲದಿದ್ರೆ ಇವು ಒಂದನ್ನೂ ಬಿಡಲ್ಲ!"

"ಅವಕ್ಕೂ ಹಸಿವಾಗುತ್ತಲ್ವಾ?"

"ಹಸಿವಾದ್ರೆ? ಗಿಡ ಇವುಗಳು ನೆಟ್ಟಿದ್ದಾ? ನಮ್ಮಪ್ಪ ರೈಲುಹಳಿ ಪಕ್ಕದಿಂದ ಒಂದೊಂದೇ ಹೊತ್ತು ತಂದು ನೆಟ್ಟಿದ್ದು!"

ಅವನು ನಕ್ಕ. ಕಣ್ಣಲ್ಲಿ ಮಾತ್ರ ಕಾಣಿಸುವಂಥ ನಗು.

"ರೈಲುಹಳಿ ಪಕ್ಕದಲ್ಲಿ ಯಾರು ನೆಟ್ಟಿದ್ರು?"

ಅವಳು ಕೆಳಗಿಟ್ಟಿದ್ದ ಸೌಟನ್ನು ಎತ್ತಿಕೊಂಡು ಧುಮುಗುಡುತ್ತ ಒಳಗೆ ನಡೆದಳು.

*

ಆ ಗಿಡಕ್ಕೆ ಊರಿನವರು ಕೆಂಪುಮಣಿ ಎನ್ನುತ್ತಿದ್ದರು. ಮೈತುಂಬ ಮುಳ್ಳು, ಬೆಳ್ಳಿ ಬಣ್ಣದ ಎಲೆ, ಗೊಂಚಲು ಗೊಂಚಲಾಗಿ ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪನೆಯ ಹಣ್ಣು. ಹಸಿಯಾಗಿ ತಿಂದರೆ ಹುಳಿ, ಒಗರು, ಮುಖ ಸೊಟ್ಟಗಾಗುತ್ತದೆ. ಮೊದಲ ಚಳಿ ಬಿದ್ದ ಮೇಲೆ ಕಿತ್ತು ಜಾಮು ಮಾಡಿದರೆ ಮಾತ್ರ ಅದರ ರುಚಿಯೇ ಬೇರೆ. ಒಂದು ಕಾಲಕ್ಕೆ ಈ ಕಡೆಯ ಬಯಲಿನಲ್ಲೆಲ್ಲ ತಾನಾಗಿ ಬೆಳೆಯುತ್ತಿದ್ದ ಗಿಡ. ರಸ್ತೆ ಅಗಲವಾಯಿತು, ಮನೆಗಳೆದ್ದವು, ಕೆಂಪುಮಣಿ ಹೇಳಹೆಸರಿಲ್ಲದಂತಾಯಿತು.

ಹಳಿ ಕಾಯುವ ಕೆಲಸದಲ್ಲಿದ್ದ ಅವಳ ಅಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಇಪ್ಪತ್ತಾರು ಗಿಡ ತಂದು ಹಿತ್ತಿಲಲ್ಲಿ ಬೆಳೆಸಿದ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಗಿಡಗಳೂ ಜಾಮಿನ ಕೆಲಸವೂ ಮಗಳ ಕೈಗೆ ಬಂದವು. ಮನೆಯಲ್ಲಿ ಅವಳ ಜೊತೆ ಇದ್ದವರು ಸೋದರತ್ತೆ ಒಬ್ಬರೇ. ಬಟ್ಟೆ ಹೊಲಿಯುವವರು. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಅಳತೆಪಟ್ಟಿ ಅವರ ಕೊರಳಿನಿಂದ ಇಳಿದದ್ದೇ ಇಲ್ಲ.

ಕತ್ತರಿಯವನು ಯಾರೆಂದು ಕಂಡುಹಿಡಿದವರೂ ಅತ್ತೆಯೇ.

"ಹಕ್ಕಿ ಲೆಕ್ಕದ ಇಲಾಖೆಯವನಂತೆ ಕಣೆ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗೋ ಹಕ್ಕಿಗಳು ನಡುವೆ ಎಲ್ಲೆಲ್ಲಿ ಇಳಿದು ಊಟ ಮಾಡ್ತವೆ ಅಂತ ಎಣಿಸ್ತಾನಂತೆ. ಇಂಥ ಕೆಲಸಕ್ಕೂ ಸಂಬಳ ಕೊಡ್ತಾರೆ ಅಂದ್ರೆ!"

ಅಂದಿನಿಂದ ಅತ್ತೆಯ ಬಾಯಲ್ಲಿ ಅವನು ಹಕ್ಕಿರಾಯ.

ಹಕ್ಕಿರಾಯ ಮರುದಿನ ಮತ್ತೆ ಬಂದ. ಕತ್ತರಿಸಿದ ಬಲೆಗೆ ಕ್ಷಮೆ ಕೇಳಿದ. ಆಮೇಲೆ ತಲೆ ಕೆರೆದುಕೊಳ್ಳುತ್ತ ಒಂದು ಒಪ್ಪಂದವನ್ನೂ ಮುಂದಿಟ್ಟ.

"ಬಲೆ ಬೇಡ. ನಿಮ್ಮ ಕೈಗೆ ಎಷ್ಟು ಎತ್ತರ ಎಟುಕುತ್ತೋ ಅಷ್ಟು ನಿಮ್ಮದು. ಅದರ ಮೇಲಿನದು ಹಕ್ಕಿಗಳದ್ದು. ಅವು ಮೇಲಿಂದ ತಿನ್ನೋಕೆ ಶುರು ಮಾಡ್ತವೆ, ನೀವು ಕೆಳಗಿಂದ ಕೀಳಿ."

ಅವಳು ಅವನನ್ನೊಮ್ಮೆ, ಗಿಡವನ್ನೊಮ್ಮೆ ನೋಡಿದಳು. "ನಾನು ಕುಳ್ಳಿ ಅಂತ ಗೊತ್ತಿದ್ದೇ ಹೇಳ್ತಿದ್ದೀರಾ?"

"ಅಯ್ಯೋ, ಇಲ್ಲಪ್ಪ!"

"ಸ್ಟೂಲ್ ಹಾಕ್ಕೋಬಹುದಾ?"

"...ಇಲ್ಲ."

"ತುದಿಗಾಲಲ್ಲಿ?"

ಅವನು ಬಹಳ ಯೋಚಿಸಿ ಹೇಳಿದ, "ತುದಿಗಾಲಲ್ಲಿ ಪರವಾಗಿಲ್ಲ."

ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅತ್ತೆಗೆ ನಗು ತಡೆಯಲಾಗದೆ ಸೂಜಿ ಅಡ್ಡಾದಿಡ್ಡಿ ಓಡಿತು.

*

ವಾರಕ್ಕೆ ಎರಡು ಸಲ, ಬೆಳಿಗ್ಗೆ ಏಳರ ಬಸ್ಸಿಗೆ ಅವನು ಬರತೊಡಗಿದ. ಹಿತ್ತಿಲ ಮೂಲೆಯಲ್ಲಿ ಒಂದು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದ. ಕೊರಳಲ್ಲಿ ದುರ್ಬೀನು, ತೊಡೆಯ ಮೇಲೆ ಪುಸ್ತಕ. ಕೆಲವು ಹಕ್ಕಿಗಳನ್ನು ಮೆತ್ತಗೆ ಹಿಡಿದು, ಬಟ್ಟೆಯ ಚೀಲದಲ್ಲಿಟ್ಟು ತೂಗಿ, ಕಾಲಿಗೆ ಸಣ್ಣ ಉಂಗುರ ಹಾಕಿ ಬಿಡುತ್ತಿದ್ದ. ಅವನ ಚೀಲಗಳ ಒರಟು ಹೊಲಿಗೆಯನ್ನು ಅತ್ತೆಗೆ ನೋಡಲಾಗಲಿಲ್ಲ. ಹಳೇ ಹತ್ತಿಬಟ್ಟೆಯಲ್ಲಿ ಹನ್ನೆರಡು ಚೀಲ ಹೊಲಿದುಕೊಟ್ಟರು, ಒಳಗಡೆ ಒಂದು ದಾರವೂ ಹಕ್ಕಿಯ ಉಗುರಿಗೆ ಸಿಗದ ಹಾಗೆ.

ಅವನು ಮಾತು ಕಡಿಮೆಯ ಮನುಷ್ಯ. ಅವಳೋ, ಜಾಮಿನ ಪಾತ್ರೆಯ ಜೊತೆಗೂ ಮಾತಾಡುವವಳು. ಅವಳು ಆಡಿದ್ದಕ್ಕೆಲ್ಲ ಅವನದು ಒಂದೇ ಉತ್ತರ: "ಹೂಂ." ಆದರೆ ಆ 'ಹೂಂ'ನಲ್ಲಿ ನೂರು ಬಗೆ ಇದೆಯೆಂದು ಅವಳಿಗೆ ಒಂದೇ ತಿಂಗಳಲ್ಲಿ ಗೊತ್ತಾಯಿತು.

ಇನ್ನೊಂದು ವಿಚಿತ್ರವೂ ನಡೆಯಿತು. ದಿನ ಹೋದ ಹಾಗೆ ಅವಳ ಕೈ ಗಿಡ್ಡವಾಗುತ್ತಾ ಬಂತು! ಮೊದಲು ತುದಿಗಾಲಲ್ಲಿ ನಿಂತು ಕೀಳುತ್ತಿದ್ದವಳು ಆಮೇಲೆ ನೆಟ್ಟಗೆ ನಿಂತು, ಆಮೇಲೆ ಭುಜದ ಮಟ್ಟಕ್ಕೆ ಮಾತ್ರ ಕೀಳತೊಡಗಿದಳು. ಹೆಚ್ಚು ಹಣ್ಣು ಉಳಿದರೆ ಹಕ್ಕಿಗಳು ಹೆಚ್ಚು ದಿನ ಇರುತ್ತವೆ. ಹಕ್ಕಿಗಳು ಇದ್ದರೆ...

ಅವಳು ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮನಸ್ಸು ನಿಲ್ಲಬೇಕಲ್ಲ?

ಹೀಗೆ ಒಂದು ಹಣ್ಣಿನ ಕಾಲ ಕಳೆದು ಇನ್ನೊಂದು ಬಂತು. ಎರಡನೇ ವರ್ಷದ ಹಣ್ಣಿನ ಕೊನೆಯ ದಿನ ಅವನು ಪುಸ್ತಕ ಮುಚ್ಚಿ ಹೇಳಿದ, "ಇನ್ನೂರ ಹದಿನಾಲ್ಕು."

"ಏನದು?"

"ಈ ವರ್ಷ ಇಲ್ಲಿ ಇಳಿದ ಹಕ್ಕಿಗಳು. ಇನ್ನೂರು ದಾಟಿದ್ರೆ ಮುಂದಿನ ವರ್ಷವೂ ನನ್ನನ್ನ ಇಲ್ಲಿಗೇ ಹಾಕ್ತಾರೆ. ಇಲ್ಲದಿದ್ರೆ ಬೇರೆ ಕಡೆ."

"ಬೇರೆ ಕಡೆ ಅಂದ್ರೆ... ದೂರಾನಾ?"

"ಹೂಂ." ಆ 'ಹೂಂ' ತುಂಬಾ ಭಾರವಾಗಿತ್ತು. "ಚಳಿ ಕಳೆದು ಹೂ ಬಿಡೋ ಹೊತ್ತಿಗೆ ಬರ್ತೀನಿ. ಅಲ್ಲೀವರೆಗೆ ಆಫೀಸಿನಲ್ಲೇ ಕೆಲಸ."

ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡ. ಬಕೆಟ್ಟನ್ನು ನೆಟ್ಟಗೆ ಮಾಡಿ ಗೋಡೆಯ ಪಕ್ಕ ಇಟ್ಟು, ಬಸ್ಸಿಗೆ ಹೋದ.

ಅಂದು ಅವಳಿಗೆ ತನ್ನ ಬದುಕಿನ ಲೆಕ್ಕ ಸ್ಪಷ್ಟವಾಗಿ ಕಾಣಿಸಿತು. ಗಿಡ ಹಣ್ಣು ಬಿಟ್ಟರೆ ಹಕ್ಕಿ ಬರುತ್ತದೆ. ಹಕ್ಕಿ ಬಂದರೆ ಅವನು ಬರುತ್ತಾನೆ. ಹಣ್ಣು ಬಿಡದಿದ್ದರೆ... ಅಯ್ಯೋ, ಬೇಡ. ಆ ಮಾತೇ ಬೇಡ!

*

ಎರಡು ವರ್ಷ ಬಕೆಟ್ಟಿನ ಮೇಲೆ ಕೂತ ಮನುಷ್ಯನಿಗೆ ಒಂದು ಬೆಂಚು ಮಾಡಿಕೊಡಬೇಕು ಎಂಬ ಯೋಚನೆ ಚಳಿಗಾಲದ ನಡುವೆ ಅವಳ ತಲೆ ಹೊಕ್ಕಿತು. ಹೊಕ್ಕಿದ್ದೇ ತಡ, ಕೆಲಸಕ್ಕೆ ಇಳಿದೇಬಿಟ್ಟಳು. ಅಪ್ಪ ತಂದಿಟ್ಟಿದ್ದ ರೈಲುಹಳಿಯ ಹಳೇ ಮರದ ದಿಮ್ಮಿ ಇತ್ತು. ಗರಗಸ ಇತ್ತು. ಜಾಗ?

ಅವನು ಕೂರುತ್ತಿದ್ದ ಮೂಲೆಯಲ್ಲಿ ನಾಲ್ಕು ಗಿಡ ಒತ್ತಾಗಿ ಬೆಳೆದಿದ್ದವು. ಅವಳಿಗೆ ತಿಳಿದಂದಿನಿಂದ ಒಂದೇ ಒಂದು ಹಣ್ಣು ಬಿಟ್ಟ ಗಿಡಗಳಲ್ಲ. ಮುಳ್ಳಿಗೇನೂ ಕಡಿಮೆ ಇರಲಿಲ್ಲ. ಕೀಳೋಣವೇ ಎಂದು ಕೇಳಿದಾಗಲೆಲ್ಲ ಅಪ್ಪ, "ಅವು ಇರಲಿ ಬಿಡು ಮಗಳೇ" ಎಂದು ಸುಮ್ಮನಾಗುತ್ತಿದ್ದ.

"ನಮ್ಮಣ್ಣ ಅವನ್ನ ಮುಟ್ಟೋಕೆ ಬಿಡ್ತಿರಲಿಲ್ಲ ಕಣೆ ಪುಟ್ಟಿ," ಎಂದರು ಅತ್ತೆ, ಅವಳು ಗುದ್ದಲಿ ಎತ್ತಿಕೊಂಡಾಗ.

"ಅಪ್ಪಂಗೆ ಯಾವ ಗಿಡವನ್ನೂ ಕೀಳೋ ಮನಸ್ಸು ಬರ್ತಿರಲಿಲ್ಲ ಅತ್ತೆ. ಕಳೆ ಕಿತ್ತರೂ ಮುಖ ಸಣ್ಣ ಮಾಡ್ಕೊಳ್ತಿದ್ದ. ಸುಮ್ಮನೆ ನೀರು ಗೊಬ್ಬರ ದಂಡ."

ನಾಲ್ಕನ್ನೂ ಬೇರುಸಹಿತ ಕಿತ್ತಳು. ಕೈಯೆಲ್ಲ ಮುಳ್ಳು ಗೀರಿ ರಕ್ತ ಬಂತು. ಒಣಗಿದ ಮೇಲೆ ಜಾಮಿನ ಒಲೆಗೆ ಹಾಕಿದಳು. ನೆಲ ಸಮ ಮಾಡಿ, ಎಂಟು ದಿನ ಉಜ್ಜಿ ಉಜ್ಜಿ, ಬೆಂಚು ಕೂರಿಸಿದಳು.

ಅತ್ತೆ ಕೊರಳಿನಿಂದ ಅಳತೆಪಟ್ಟಿ ತೆಗೆದು ಬೆಂಚಿನ ಮೇಲೆ ಎಳೆದು ನೋಡಿದರು.

"ಅಲ್ಲ ಕಣೆ, ಒಬ್ಬ ಮನುಷ್ಯ ಕೂರೋಕೆ ಎರಡಡಿ ಧಾರಾಳ. ಇದು ನಾಲ್ಕಡಿ ಇದೆ?"

"ಅವರ ಚೀಲ, ಪುಸ್ತಕ ಎಲ್ಲ ಇಡೋಕೆ ಜಾಗ ಬೇಡ್ವಾ?"

"ಓಹೋ! ಪುಸ್ತಕಕ್ಕಾ?"

"ಅತ್ತೇ..!"

ಅವಳ ಮುಖ ಕೆಂಪುಮಣಿಯ ಬಣ್ಣಕ್ಕೆ ತಿರುಗಿತು. ಪಾಪ, ಪ್ರೀತಿಯಿಂದ ಎಂಥ ಅನಾಹುತ ಮಾಡಿ ಕೂತಿದ್ದೇನೆಂದು ಅವಳಿಗೆ ಏನು ಗೊತ್ತು!

*

ಚಳಿ ಇಳಿಯಿತು. ಎಲೆ ಬರುವ ಮೊದಲೇ ಬರಿಯ ಮುಳ್ಳುಕಡ್ಡಿಗಳ ಮೇಲೆ ಕೆಂಪುಮಣಿ ಹೂ ಬಿಡತೊಡಗಿತು. ಹೂವೆಂದರೆ ಏನೋ ಎಂದುಕೊಳ್ಳಬೇಡಿ. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಮಾಸಲು ಹಳದಿ, ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುತ್ತದೆ.

ಏಳರ ಬಸ್ಸಿಗೆ ಅವನು ಬಂದ.

ಅವಳು ಬೆಳಿಗ್ಗೆಯೇ ಮೂರು ಸಲ ಬಟ್ಟೆ ಬದಲಿಸಿದ್ದಳು. ಏನೂ ಆಗದವಳಂತೆ ಹಿಂಬಾಗಿಲಲ್ಲಿ ನಿಂತು, "ಬನ್ನಿ, ನಿಮಗೊಂದು ತೋರಿಸಬೇಕು. ಕಣ್ಣು ಮುಚ್ಚಿಕೊಳ್ಳಿ," ಎಂದಳು.

ಅವನು ಕಣ್ಣು ಮುಚ್ಚಿ, ಅವಳ ದನಿ ಹಿಡಿದು ನಡೆದು ಬಂದ. ತುಟಿಯಲ್ಲೂ ನಗು ಇತ್ತು. ಎರಡು ವರ್ಷದಲ್ಲಿ ಅಷ್ಟು ನಗು ಅವಳು ಕಂಡಿರಲಿಲ್ಲ!

"ಹಾಂ, ಈಗ ತೆಗೀರಿ!"

ಅವನು ಕಣ್ಣು ತೆರೆದ. ಬೆಂಚು ನೋಡಿದ. ಬೆಂಚಿನ ಹಿಂದೆ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನಗು ಒಂದೊಂದಾಗಿ ದೀಪ ಆರಿಸಿದ ಹಾಗೆ ಮುಖದಿಂದ ಹೋಯಿತು.

"ಇಲ್ಲಿ... ನಾಲ್ಕು ಗಿಡ ಇದ್ವಲ್ಲ?"

"ಕಿತ್ತು ಹಾಕಿದೆ! ಹಣ್ಣು ಬಿಡದ ಗಿಡ ಇಟ್ಕೊಂಡು ಏನು ಮಾಡೋದು? ಬೆಂಚು ಹೇಗಿದೆ? ನಾನೇ..."

"ಎಲ್ಲಿವೆ ಅವು? ಕಡ್ಡಿ, ಬೇರು, ಏನಾದ್ರೂ?"

"ಒಲೆಗೆ ಹಾಕ್ದೆ."

ಅವನು ಉಸಿರು ಒಳಗೆಳೆದುಕೊಂಡ. ಮಿಕ್ಕ ಗಿಡಗಳ ಹತ್ತಿರ ಹೋಗಿ ಹೂ ನೋಡಿದ. ಗಡಿಯಾರ ನೋಡಿದ. ಮತ್ತೆ ಅವಳನ್ನು ನೋಡಿದ.

"ನಾನು ಹೋಗಬೇಕು. ಎಂಟರ ಬಸ್ ಇದೆ."

"ಈಗ ತಾನೇ ಬಂದ್ರಿ! ಟೀ ಕೂಡ..."

"ಇಲ್ಲ, ಬೇಡ. ಹೊತ್ತಿಲ್ಲ."

ಹೋಗಿಯೇಬಿಟ್ಟ. ಬೆಂಚಿನ ಮೇಲೆ ಒಂದು ಕ್ಷಣ ಕೂರಲಿಲ್ಲ. ಅದನ್ನು ಕೈಯಿಂದ ಮುಟ್ಟಿಯೂ ನೋಡಲಿಲ್ಲ.

ಅವಳು ನಿಂತಲ್ಲೇ ನಿಂತಿದ್ದಳು. ಅತ್ತೆ ಎರಡು ಲೋಟ ಟೀ ಹಿಡಿದು ಬಂದವರು, ಅವಳ ಮುಖ ನೋಡಿ, ಲೋಟಗಳನ್ನು ಬೆಂಚಿನ ಮೇಲಿಟ್ಟು ಸುಮ್ಮನೆ ಅವಳ ತಲೆ ಸವರಿದರು.

"ಅಷ್ಟು ಕೆಟ್ಟದಾಗಿದೆಯಾ ಅತ್ತೆ ಬೆಂಚು?" ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಒತ್ತರಿಸಿ ಬಂತು.

*

ಒಂದು ದಿನ. ಎರಡು ದಿನ. ಸುದ್ದಿಯಿಲ್ಲ.

'ನಾನು ಮಿತಿ ಮೀರಿದೆ... ನಾಲ್ಕಡಿ ಬೆಂಚು ನೋಡಿ ಅವನಿಗೆ ಎಲ್ಲ ಅರ್ಥವಾಗಿಬಿಟ್ಟಿದೆ. ಹಕ್ಕಿ ಎಣಿಸಲು ಬರುವವನ ತಲೆಗೆ ನನ್ನ ಮನಸ್ಸನ್ನು ಕಟ್ಟಲು ಹೋದೆನಲ್ಲ!' ಜಾಮಿನ ಪಾತ್ರೆಯ ಜೊತೆಗೂ ಅವಳು ಮಾತು ಬಿಟ್ಟಳು. ಚಳಿಗಾಲದಲ್ಲಿ ತೆಗೆದಿಟ್ಟ ಹಣ್ಣಿನ ರಸ ತಳ ಹತ್ತಿದರೂ ಗೊತ್ತಾಗಲಿಲ್ಲ.

ಮೂರನೇ ದಿನ ಸಂಜೆ ಅಂಚೆ ಹಂಚುವ ಅಕ್ಕ ಗೇಟಿನಾಚೆಯಿಂದಲೇ ಕೂಗಿದಳು.

"ನಿಮ್ಮ ಹಕ್ಕಿರಾಯ ಊರಿಗೆ ಬಂದಿದ್ದಾರಾ? ಮಧ್ಯಾಹ್ನ ದೊಡ್ಡ ಬಸ್ ನಿಲ್ದಾಣದಲ್ಲಿ ನೋಡಿದೆ ಮಾರಾಯ್ತಿ! ತೋಳ ತುಂಬ ಹೂವು! ಹೂವಿಗೆ ಒದ್ದೆ ಬಟ್ಟೆ ಸುತ್ತಿ, ಎಳೆ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ರು. ಯಾರಿಗೆ ಅಂತ ಕೇಳಿದ್ದಕ್ಕೆ, 'ತುಂಬಾ ಬೇಕಾದವರಿಗೆ' ಅಂದ್ರು. ಕಿವಿ ನೋಡಬೇಕಿತ್ತು, ಕೆಂಪೋ ಕೆಂಪು!"

ಅವಳು ನಗಬೇಕೆಂದು ತುಟಿ ಅಗಲಿಸಿದಳು. ನಗು ಬರಲಿಲ್ಲ.

'ಓ... ಇದಕ್ಕೇ! ಬೇರೆ ಯಾರೋ ಇದ್ದಾರೆ. ಅದಕ್ಕೇ ಬೆಂಚಿನ ಮೇಲೆ ಕೂರಲಿಲ್ಲ. ಅದಕ್ಕೇ ಹೊತ್ತಿಲ್ಲ ಅಂದದ್ದು.'

ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಅತ್ತೆ ಊಟಕ್ಕೆ ಕರೆದರೆ ತಲೆನೋವು ಎಂದಳು. ತಲೆಯಲ್ಲಿ ಏನೂ ನೋವಿರಲಿಲ್ಲ ಎಂದು ಅತ್ತೆಗೂ ಗೊತ್ತಿತ್ತು.

*

ಮರುದಿನ ಏಳರ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಹಿತ್ತಿಲ ಗೇಟು ಕಿರುಗುಟ್ಟಿತು.

ಅವನೇ! ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ಎರಡೂ ತೋಳಿನ ತುಂಬ ಮುಳ್ಳು ಗೀರಿದ ಗಾಯ. ಕೈಗೊಂದರಂತೆ ಎರಡು ಬಕೆಟ್, ಬಕೆಟ್ಟಿನ ತುಂಬ ಕಡ್ಡಿಗಳು, ಕಡ್ಡಿಗಳ ಮೇಲೆ ಸಣ್ಣ ಸಣ್ಣ ಮಾಸಲು ಹೂ. ಹೆಗಲ ಚೀಲದಿಂದ ಮಣ್ಣು ಮೆತ್ತಿದ ಬೇರುಗಳು ಇಣುಕುತ್ತಿದ್ದವು.

ಅವಳು ಸೊಂಟಕ್ಕೆ ಕೈಯಿಟ್ಟು ದಾರಿಗೆ ಅಡ್ಡ ನಿಂತಳು.

"ವಿಳಾಸ ತಪ್ಪಿ ಬಂದ ಹಾಗಿದೆ. ಹೂವು ಯಾರಿಗೋ ತುಂಬಾ ಬೇಕಾದವರಿಗಂತೆ?"

"ಹೂಂ."

"ಹಾಗಾದ್ರೆ ಅಲ್ಲಿಗೇ ಹೋಗಿ! ಇಲ್ಲಿಗ್ಯಾಕೆ ಬಂದ್ರಿ?"

ಅವನು ಬಕೆಟ್ ಕೆಳಗಿಟ್ಟ. ಅವಳ ಊದಿಕೊಂಡ ಕಣ್ಣು ನೋಡಿ ಗಾಬರಿಯಾದ.

"ಅತ್ತಿದ್ದೀರಾ? ಯಾರಾದ್ರೂ ಹೇಳಿಬಿಟ್ರಾ, ಗಿಡದ ವಿಷಯ?"

"ಯಾವ ಗಿಡದ ವಿಷಯ?"

ಅವನು ಸುಮ್ಮನೆ ಒಂದು ಕಡ್ಡಿ ತೆಗೆದು ಅವಳ ಕೈಗೆ ಕೊಟ್ಟ. ಅವಳ ಗಿಡದಿಂದಲೂ ಒಂದು ಹೂ ಕಿತ್ತು ಪಕ್ಕದಲ್ಲಿ ಹಿಡಿದ.

"ಇದರ ಒಳಗೆ ಹಳದಿ ಪುಡಿ ಇದೆ ನೋಡಿ. ನಿಮ್ಮ ಹೂವಲ್ಲಿ ಇಲ್ಲ. ಕೆಂಪುಮಣಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಗಿಡ ಯಾವತ್ತೂ ಹಣ್ಣು ಬಿಡಲ್ಲ. ಆದ್ರೆ ಅದರ ಪುಡಿಯನ್ನ ಜೇನು ತಂದು ಹಾಕದಿದ್ರೆ ಹೆಣ್ಣು ಗಿಡವೂ ಬಿಡಲ್ಲ."

ಅವಳ ಕಣ್ಣು ಮೆಲ್ಲನೆ ಬೆಂಚಿನ ಕಡೆ ತಿರುಗಿತು.

"ಆ ನಾಲ್ಕು..."

"ಹೂಂ."

"ಅಪ್ಪ 'ಇರಲಿ ಬಿಡು' ಅಂತಿದ್ದಿದ್ದು..."

"ಇಪ್ಪತ್ತೆರಡು ಹೆಣ್ಣು ಗಿಡಕ್ಕೆ ನಾಲ್ಕು ಗಂಡು ಅಂತ ಎಣಿಸಿ ಆರಿಸಿದ್ರಂತೆ ನಿಮ್ಮಪ್ಪ. ಹಳಿ ಮೇಲೆ ಅವರ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಅಜ್ಜ ಸಿಕ್ಕಿದ್ರು. ಅವರೇ ತೋರಿಸಿದ್ದು, ಎಲ್ಲಿಂದ ತಂದ್ರು ಅಂತ."

ಅವಳು ಅಲ್ಲೇ ಕುಸಿದು ಕೂತಳು.

"ನಾನೇ ಕಿತ್ತೆ! ನನ್ನ ಕೈಯಾರೆ ಕಿತ್ತು ಒಲೆಗೆ ಹಾಕ್ದೆ... ಈ ವರ್ಷ ಹಣ್ಣಿಲ್ಲ. ಹಕ್ಕಿ ಬರಲ್ಲ. ನಿಮ್ಮನ್ನ ಬೇರೆ ಕಡೆ ಹಾಕ್ತಾರೆ... ನಿಮಗೆ ಕೂರೋಕೆ ಜಾಗ ಮಾಡೋಕೆ ಹೋಗಿ, ನೀವು ಬರೋ ದಾರೀನೇ ಮುಚ್ಚಿಬಿಟ್ನಲ್ಲ!"

ಬಾಯಿ ತಪ್ಪಿ ಬಂದ ಕೊನೆಯ ಮಾತು ಇಬ್ಬರಿಗೂ ಕೇಳಿಸಿತು. ಕಿಟಕಿಯ ಹಿಂದಿದ್ದ ಅತ್ತೆಗೂ ಕೇಳಿಸಿತು. ಹೊಲಿಗೆ ಯಂತ್ರ ನಿಂತಿತು.

ಅವನು ಅವಳ ಎದುರು ಮಂಡಿಯೂರಿ ಕೂತ, ಮೊದಲ ದಿನ ಬಲೆಯ ಮುಂದೆ ಕೂತಿದ್ದ ಹಾಗೆಯೇ.

"ಅದಕ್ಕೇ ಅವತ್ತು ಹೇಳಲಿಲ್ಲ. ಹೇಳಿದ್ರೆ ಹೀಗೇ ಅಳ್ತಿದ್ರಿ. ನೀವು ಅಳೋದನ್ನ ಬಿಟ್ಟು ಹೋಗೋಕೆ ನನ್ನಿಂದ ಆಗ್ತಿರಲಿಲ್ಲ, ಬಸ್ ತಪ್ತಿತ್ತು. ಹೂ ಇರೋದೇ ಎಂಟು ಹತ್ತು ದಿನ. ಅಷ್ಟರಲ್ಲಿ ಗಂಡು ಕೊಂಬೆ ತಂದು ನೀರಲ್ಲಿಟ್ಟು ಗಿಡಗಳ ನಡುವೆ ನಿಲ್ಲಿಸಿದ್ರೆ, ಮಿಕ್ಕಿದ್ದು ಜೇನು ನೋಡ್ಕೊಳ್ಳುತ್ತೆ. ನಿನ್ನೆ ಮಧ್ಯಾಹ್ನದ ಕೊನೆ ಬಸ್ ತಪ್ಪಿತು, ರಾತ್ರಿಯೆಲ್ಲ ನಿಲ್ದಾಣದಲ್ಲೇ ಕೂತಿದ್ದೆ."

ಎರಡು ವರ್ಷದಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದೇ ಇಲ್ಲ! ಅವಳು ಕಣ್ಣೊರೆಸಿಕೊಂಡು ಕೈಯಲ್ಲಿದ್ದ ಕಡ್ಡಿ ನೋಡಿದಳು.

"ಹಾಗಾದ್ರೆ ತುಂಬಾ ಬೇಕಾದವರು ಅಂದ್ರೆ... ಈ ಗಿಡಗಳಾ?"

ಅವನ ಕಿವಿ ಕೆಂಪಾಯಿತು. ಅಂಚೆಯಕ್ಕ ಹೇಳಿದ್ದು ಸುಳ್ಳಲ್ಲ.

"ಗಿಡಗಳಿಗೆ ಯಾರಾದ್ರೂ ಹೂವು ತರ್ತಾರಾ?"

"ಕಾಯಿ ಕಚ್ಚದಿದ್ರೆ? ಜೇನು ಬರದಿದ್ರೆ? ಆಗ ನಿಮ್ಮ ಆಫೀಸಿನವರು..."

"ಆಫೀಸಿನವರು ಎಲ್ಲಿಗಾದ್ರೂ ಹಾಕಲಿ. ಹಣ್ಣಿಲ್ಲದಿದ್ರೂ ಬರ್ತೀನಿ, ಹಕ್ಕಿ ಇಲ್ಲದಿದ್ರೂ ಬರ್ತೀನಿ. ನನಗೆ... ನಾನು..." ಅವನು ಒದ್ದಾಡಿದ. "ನೀನಿಲ್ಲದ ಕಡೆ ಕೂತ್ಕೊಂಡು ಎಣಿಸೋಕೆ ನನಗೆ ಬರಲ್ಲ ಕಣೇ. ಲೆಕ್ಕ ತಪ್ಪುತ್ತೆ."

ನೀವು ಎಂಬುದು ನೀನು ಆಗಿದ್ದನ್ನು ಅವಳು ಗಮನಿಸಿದಳು. ಎದೆಯೊಳಗೆ ಅಂದಿನ ಹಕ್ಕಿಯೇ ಮತ್ತೆ ಬಡಿದುಕೊಂಡಿತು. ಮಾತಿನ ಮಲ್ಲಿಯಾದ ಅವಳಿಗೆ ಅಂದು ಒಂದೇ ಒಂದು ಮಾತು ಸಿಕ್ಕಿದ್ದು.

"ಹೂಂ."

*

ಬಕೆಟ್ ಎರಡು ಸಾಲದೆ ಅತ್ತೆಯ ಬಟ್ಟೆ ನೆನೆಸುವ ಬಕೆಟ್ಟೂ, ಜಾಮಿನ ಎರಡು ದೊಡ್ಡ ಡಬ್ಬಿಗಳೂ ಹಿತ್ತಿಲಿಗೆ ಬಂದವು. ನಾಲ್ಕೈದು ಗಿಡಕ್ಕೊಂದರಂತೆ ನಡುನಡುವೆ ಕೊಂಬೆ ನಿಲ್ಲಿಸಿದರು. ಎರಡು ದಿನ ಮೋಡ, ಒಂದು ಜೇನೂ ಬರಲಿಲ್ಲ. ಅವಳು ಹತ್ತು ಸಲ ಒಳಗೆ ಹೊರಗೆ ಓಡಾಡಿದಳು. ಮೂರನೇ ದಿನ ಬಿಸಿಲು ಬಂತು. ಬಿಸಿಲಿನ ಜೊತೆ ಗುಂಯ್‌ ಎಂಬ ಸದ್ದೂ ಬಂತು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಹಿತ್ತಿಲಿಂದ ಕಿರುಚಿದ ಕಿರುಚಿಗೆ ಅತ್ತೆ ಕೈಯಲ್ಲಿದ್ದ ಕತ್ತರಿ ಎಸೆದು ಓಡಿಬಂದರು. ಹೂ ಉದುರಿದ ಕಡೆಯಲ್ಲೆಲ್ಲ ಹಸಿರು ಮಣಿ! ಪ್ರತಿ ಗಿಡದಲ್ಲೂ ಇಲ್ಲ. ಬಕೆಟ್ಟಿನಿಂದ ದೂರವಿದ್ದ ಏಳೆಂಟು ಗಿಡ ಖಾಲಿಯೇ ಉಳಿದಿದ್ದವು. ಆದರೂ ಹಕ್ಕಿಗಳಿಗೂ ಜಾಮಿಗೂ ಸಾಕಾಗುವಷ್ಟು ಕಚ್ಚಿತ್ತು.

ಅಂದೇ ಅವನು ಬೆಂಚಿನ ಎಡಕ್ಕೆರಡು, ಬಲಕ್ಕೆರಡು ಗುಂಡಿ ತೋಡಿದ. ಗಂಡು ಗಿಡದ ಬುಡದಿಂದ ಬೇರುಸಹಿತ ತಂದು, ಇಷ್ಟು ದಿನ ಕುಂಡದಲ್ಲಿ ಕಾಪಾಡಿದ್ದ ನಾಲ್ಕು ಚಿಗುರುಗಳನ್ನು ಅವಳೇ ತನ್ನ ಕೈಯಾರೆ ನೆಟ್ಟಳು. ಮಣ್ಣು ಒತ್ತುವಾಗ 'ಅಪ್ಪಾ, ತಪ್ಪಾಯ್ತು' ಎಂದು ಒಳಗೊಳಗೇ ಹೇಳಿಕೊಂಡಳು. ಕೆಲಸ ಮುಗಿಸಿ ಇಬ್ಬರೂ ಬೆಂಚಿನ ಮೇಲೆ ಒತ್ತಾಗಿ ಕೂತರು. ಅತ್ತೆ ಟೀ ತಂದು, ಇಬ್ಬರ ನಡುವೆ ಲೋಟ ಇಡಲು ಹೋಗಿ, ಜಾಗ ಸಾಲದೆ ನೆಲದ ಮೇಲಿಟ್ಟರು.

"ನಾಲ್ಕಡಿ ಬೆಂಚಿನಲ್ಲಿ ಎರಡಡಿ ಖಾಲಿ ಬಿದ್ದಿದೆ. ಪುಸ್ತಕಕ್ಕಾ?" ಎಂದು ಯಾರನ್ನೂ ನೋಡದೆ ಕೇಳಿ, ಒಳಗೆ ಹೋದರು.

ಇಬ್ಬರೂ ನಕ್ಕರು. ಅವಳು ಪುಟ್ಟ ಚಿಗುರನ್ನು ಬೆರಳಿಂದ ಮುಟ್ಟಿದಳು.

"ಇವು ಹೂ ಬಿಡೋಕೆ ಎಷ್ಟು ವರ್ಷ?"

"ನಾಲ್ಕಾದ್ರೂ ಬೇಕು."

"ಅಲ್ಲೀವರೆಗೆ?"

"ಪ್ರತಿ ವರ್ಷ ಬಕೆಟ್ ಹೊತ್ತು ತರ್ತೀನಿ."

"ಮುಳ್ಳು ಗೀರುತ್ತೆ."

"ಗೀರಲಿ."

ಅವಳು ತಲೆ ಬಗ್ಗಿಸಿಕೊಂಡೇ ಕೇಳಿದಳು, "ಆಮೇಲೆ? ಇವು ಹೂ ಬಿಟ್ಟ ಮೇಲೆ ಬಕೆಟ್ ಬೇಕಾಗಲ್ವಲ್ಲ..."

"ಬಕೆಟ್ ಬೇಕಾಗಲ್ಲ." ಅವನು ಮೊದಲ ಸಲ ಅವಳ ಕೈ ಹಿಡಿದ. ಇಬ್ಬರ ಕೈಗೂ ಮಣ್ಣು ಮೆತ್ತಿತ್ತು, ಇಬ್ಬರ ಕೈಯಲ್ಲೂ ಮುಳ್ಳಿನ ಗೀರಿತ್ತು. "ನಾನು ಬೇಕಾಗ್ತೀನಾ?"

"ಹಣ್ಣು ಬಿಡದೇ ಇರೋದನ್ನ ಇನ್ಮೇಲೆ ಕೀಳಲ್ಲ ಅಂತ ಆಣೆ ಮಾಡಿದ್ದೀನಿ," ಎಂದಳು ಅವಳು, ಅವನ ಭುಜಕ್ಕೆ ತಲೆಯಿಟ್ಟು. "ಧೈರ್ಯವಾಗಿ ಕೂತ್ಕೋ."